ಎರಡು ಕೇಬಲ್, ಒಂದು ಸುಳ್ಳು

“ಕಣ್ಣು ಮುಚ್ಕೊಳ್ಳಿ,” ಎಂದ ಸೆಲ್ವರಾಜ್.

“ಕೇಳೋದು ಕಿವೀಲಿ. ಕಣ್ಯಾಕೆ ಮುಚ್ಬೇಕು?”

“ಕೇಬಲ್ ಕಂಡ್ರೆ ಕಣ್ಣೇ ತೀರ್ಮಾನ ಮಾಡ್ಬಿಡ್ತದೆ. ಜಗಳ ಆಮೇಲಿರ್ಲಿ ಶ್ಯಾಮಲಾ, ಮೊದ್ಲು ಕೇಳಿ.”

ಮುಚ್ಚಿದೆ. ಪೂರ್ತಿ ಅಲ್ಲ.

ರಾಬರ್ಟ್‌ಸನ್‌ಪೇಟೆಯ ಅವನ ಆಂಪ್ಲಿಫೈಯರ್ ರಿಪೇರಿ ಅಂಗಡಿಗೆ ನಾನು ಭಾನುವಾರದ ಮಧ್ಯಾಹ್ನ ಕಾಮಸಮುದ್ರದಿಂದ ಬಸ್ಸು ಹತ್ತಿ ಬರುತ್ತಿದ್ದೆ. ಹಾಡು ಕೇಳಲು ಎಂದು ಅಕ್ಕನಿಗೆ ಹೇಳುತ್ತಿದ್ದೆ. ನಲವತ್ತು ದಾಟಿದ ಹೆಂಗಸು, ಒಬ್ಬ ಗಂಡಸಿನ ಬೆರಳು ನೋಡಲು ಹೋಗುತ್ತೇನೆ ಎಂದು ಹೇಳಲಾದೀತೇ?

ರೆಪ್ಪೆಯ ಸಂದಿಯಿಂದ ಈಗಲೂ ಅದನ್ನೇ ನೋಡುತ್ತಿದ್ದೆ. ಬಿಸಿ ತಾಗಿ ತಾಗಿ ತುದಿ ಗಟ್ಟಿಯಾದ ಬೆರಳು. ವೀಣೆಯ ರೆಕಾರ್ಡೊಂದನ್ನು ಒಂದು ಸಲ ಕೇಳಿಸಿ ಸ್ವಿಚ್ ಆಫ್ ಮಾಡಿದ. ಗೋಡೆಯಿಂದ ಆಂಪ್ಲಿಫೈಯರ್‌ಗೆ ಕರೆಂಟು ತರುವ ಹಳೆಯ ತೆಳ್ಳನೆಯ ಕೇಬಲ್ ಕಿತ್ತ. ಎಮ್ಮೆ ಕಟ್ಟುವ ಹಗ್ಗದಷ್ಟು ದಪ್ಪನೆಯ ಹೊಸದೊಂದನ್ನು ಚುಚ್ಚಿದ. ಬೆಂಗಳೂರಿನ ಅಂಗಡಿಯವರು ಕೇಳಿ ನೋಡಲು ಕೊಟ್ಟದ್ದು. ಹಿಡಿಸಿದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ವಾಪಸು.

ಅದೇ ವೀಣೆ, ಅದೇ ವಾಲ್ಯೂಮ್.

“ಯಾವ್ದು ಚೆನ್ನಾಗೈತೆ? ಮೊದಲನೇದಾ, ಎರಡನೇದಾ?”

ನನಗೆ ಎರಡೂ ಒಂದೇ. ಹಾಗೆಂದೇ ಹೇಳುವವಳು ನಾನು. ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ನೀರು ಬೆರೆಸಿದ್ದಾನೆಂದು ಸ್ವಂತ ಚಿಕ್ಕಪ್ಪನ ಕ್ಯಾನನ್ನೇ ಎಲ್ಲರೆದುರು ವಾಪಸು ಕಳಿಸಿದವಳು. ಆದರೆ ಅವನು ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದ. ಆಸೆಪಟ್ಟು ತರಿಸಿದ್ದಾನೆ, ಮನಸ್ಸು ಮುರಿಯುವುದು ಬೇಡ ಎನಿಸಿತು.

“ಎರಡನೇದು. ತಂತಿ ಮೀಟೋದು ಕಿವಿ ಪಕ್ಕದಲ್ಲೇ ಕೇಳಿಸ್ತು.”

ನಗುತ್ತಾನೆ ಅಂದುಕೊಂಡಿದ್ದೆ. ಮುಖ ಬಿಳಚಿಕೊಂಡಿತು. ಸ್ಟೂಲಿನ ಮೇಲೆ ಕುಸಿದು ಕೂತ.

“ಇನ್ಮೇಲೆ ಇಲ್ಲಿಗೆ ಬರ್ಬೇಡಿ.”

ಹೆದರಿದರೆ ನನಗೆ ಮೊದಲು ಬರುವುದು ಸಿಟ್ಟು. “ಯಾಕ್ರೀ? ನಿಮ್ಮಂಗಡೀಲಿ ಏನ್ ಕದ್ದೆ ನಾನು?”

“ಕೂಗ್ಬೇಡಿ.”

“ಕೂಗ್ತೀನಿ!”

ಅವನು ಬಲಗಿವಿಯನ್ನು ಮುಚ್ಚಿ ಹಿಡಿದ. “ಇದ್ರಲ್ಲಿ ಯುಗಾದಿಯಿಂದ ಗುಂಯ್ ಅಂತ ಸದ್ದು. ಈ ಕೇಬಲ್ ಹಾಕಿದ್ರೆ ಪರದೆ ಸರಿದಂಗೆ ಆಗ್ತದೆ ಅಂತ ಇಂಟರ್ನೆಟ್ಟಲ್ಲಿ ಎಲ್ಲಾ ಬರೀತಾರೆ. ನಂಗೆ ಏನೂ ಸರೀಲಿಲ್ಲ. ಅಪ್ಪನಿಗೂ ಹಿಂಗೇ ಶುರುವಾಗಿ ಐವತ್ತಕ್ಕೆ ಕಿವಿ ಪೂರ್ತಿ ಓಯ್ತು. ಕೇಬಲ್ ಮಾತೇ ಸುಳ್ಳಿರ್ಬೋದು ಅಂತ ನಿಮ್ಮನ್ನ ಕೇಳ್ದೆ. ನೀವು ಯಾರ ಮುಲಾಜಿಗೂ ಸುಳ್ಳು ಹೇಳೋರಲ್ಲ. ಕಣ್ಣು ಮುಚ್ಕೊಂಡೂ ಹೊಸದನ್ನೇ ಹೇಳಿದ್ರಿ. ಅಂದ್ರೆ ಕೆಟ್ಟಿರೋದು ನನ್ನ ಕಿವೀನೇ.”

ನಾನು ಆ ದಪ್ಪ ಕೇಬಲ್ಲಿನ ಕಡೆ ನೋಡಿದೆ.

“ಇವತ್ತು ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ,” ಅವನು ತಲೆಯೆತ್ತಲಿಲ್ಲ. “ಬೇಡ. ಕಿವುಡನ್ನ ಕಟ್ಕೊಂಡು ನೀವ್ಯಾಕೆ ಕಷ್ಟಪಡ್ಬೇಕು? ಬಸ್ಸಿನ ಹೊತ್ತಾಯ್ತು, ಓಗಿ.”

“ನಾನು ಸುಳ್ಳು ಹೇಳ್ದೆ.”

“ಸಮಾಧಾನ ಮಾಡ್ಬೇಡಿ.”

“ನಂಗೆ ಸಮಾಧಾನ ಮಾಡೋಕೆ ಬರ್ತದಾ? ಕಣ್ಣು ಮುಚ್ಚಿರ್ಲಿಲ್ಲ ಕಣ್ರೀ! ದಪ್ಪದ್ದು ಎರಡನೇ ಸಲ ಹಾಕಿದ್ದು ನೋಡ್ದೆ. ನಿಮ್ಗೆ ಖುಷಿಯಾಗ್ಲಿ ಅಂತ ಅಂದೆ.”

ನಂಬಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿದ. ಗಂಟು ಹಾಕುವಾಗ ಬೆರಳು ಕುತ್ತಿಗೆಗೆ ತಾಗಿತು. ತಣ್ಣಗಿತ್ತು.

ಟಕ್ ಎಂದು ಸ್ವಿಚ್, ಕೇಬಲ್ ಕಿತ್ತು ಚುಚ್ಚಿದ ಸದ್ದು. ವೀಣೆ. ಮತ್ತೆ ಟಕ್, ಏನೋ ಎಳೆದಾಡಿದ ಸದ್ದು, ಮತ್ತೆ ವೀಣೆ.

“ಹೊಸದು ಯಾವ್ದು?”

“ಗೊತ್ತಾಗ್ತಿಲ್ಲ.”

“ಒಂದು ಹೇಳ್ಲೇಬೇಕು.”

ಕತ್ತಲಲ್ಲಿ ಬೆವರಿದೆ. ಬಾಯಿಗೆ ಬಂದದ್ದು ಅಕಸ್ಮಾತ್ ಸರಿಯಾಗಿಬಿಟ್ಟರೆ? ನನ್ನ ಸತ್ಯವನ್ನು ಇವನು ಎಂದೆಂದಿಗೂ ನಂಬುವುದಿಲ್ಲ. “ಮೊ... ಮೊದಲನೇದು.”

ಹೊರಗೊಂದು ಆಟೋ ಹಾರ್ನ್ ಹೊಡೆದು ಹೋಯಿತು. ಇವನ ಉಸಿರೂ ಕೇಳುತ್ತಿಲ್ಲ.

“ಸೆಲ್ವರಾಜ್?”

“ನಡುವೆ ಕೇಬಲ್ ಬದಲಿಸ್ಲೇ ಇಲ್ಲ,” ಎಂದ. ದನಿ ಒಡೆದಿತ್ತು. “ಎರಡು ಸಲಾನೂ ಹಳೇದೇ. ಸತ್ಯಮಾ, ಶ್ಯಾಮಲಾ? ನಿಮ್ಗೂ ಏನೂ ಗೊತ್ತಾಗ್ಲಿಲ್ವಾ?” ಎದೆ ತುಂಬಿ ಬಂದಾಗ ಅವನ ಮಾತಿಗೆ ತಮಿಳು ಬರುತ್ತದೆ.

“ಅಮ್ಮನಾಣೆ.”

“ಮತ್ತೆ ಅವಾಗ ಕಣ್ಣು ಯಾಕೆ ಮುಚ್ಲಿಲ್ಲ?”

ಕಣ್ಣು ಕಟ್ಟಿದ್ದೇ ಒಳ್ಳೆಯದಾಯಿತು. ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದೆ. “ನಿಮ್ಮನ್ನ ನೋಡೋಕೆ. ನೀವಂದ್ರೆ ಇಷ್ಟ.”

“ಏನಂದ್ರಿ? ಕೇಳಿಸ್ಲಿಲ್ಲ.”

ಅವನ ಬಲಗಿವಿ ನನ್ನ ಕಡೆಗಿತ್ತೇ? ಟವೆಲ್ ಕಿತ್ತೆಸೆದೆ. ಅವನು ಎದುರಿಗೇ ನಿಂತಿದ್ದ. ಕಣ್ಣಲ್ಲಿ ನೀರು, ಮೀಸೆಯ ತುದಿಯಲ್ಲಿ ತುಂಟ ನಗು.

“ನೀವಂದ್ರೆ ಇಷ್ಟ ಅಂದೆ ಕಣಯ್ಯಾ!”

ಪಕ್ಕದ ಟೀ ಅಂಗಡಿಯ ಬಚ್ಚಪ್ಪ ಓಡಿಬಂದು ಇಣುಕಿದ. “ಏನಮ್ಮಾ ಇದು, ಬಜಾರಿಗೆಲ್ಲಾ ಕೇಳಂಗೆ?”

ನಾನು ಅವನ ಕಡೆ ತಿರುಗಲಿಲ್ಲ. “ಗುಂಯ್ ಅನ್ನೋದು ಇನ್ನೂ ಐತಲ್ಲ,” ಎಂದೆ ಸೆಲ್ವರಾಜ್‌ಗೆ. “ನಾಳೆ ಕಿವಿ ಡಾಕ್ಟ್ರತ್ರ ಓಗೋಣ. ನಾನೂ ಬತ್ತೀನಿ.”

“ಕಿವಿ ಓಗ್ತದೆ ಅಂದ್ಬಿಟ್ರೆ?”

ಭಯ ಇಬ್ಬರಿಗೂ ಇತ್ತು. “ಓದ್ರೆ ಓಗ್ಲಿ. ಬರ್ಬೇಡ ಅಂತ ಮಾತ್ರ ನಂಗೆ ಇನ್ನೊಂದು ಸಲ ಅನ್ನಂಗಿಲ್ಲ.”

ಅವನು ನನ್ನ ಕೈ ಹಿಡಿದ, ಬಚ್ಚಪ್ಪ ನೋಡುತ್ತಿದ್ದಂತೆಯೇ. “ಬಚ್ಚಪ್ಪಣ್ಣಾ, ಎರಡು ಟೀ. ಇವ್ರು ಬಸ್ಸಿಗೆ ಓಗಲ್ವಂತೆ.”