ಮೈಲಾರಿ ಬೀಳುವ ಮೂವತ್ತು ಸೆಕೆಂಡ್

ತಿಪಟೂರು ಸೀಮೆಯ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ನನ್ನ ಡಿಸೈನ್ ಕೋರ್ಸಿನ ಕೊನೆಯ ಪ್ರಾಜೆಕ್ಟಿನಲ್ಲಿ ಒಂದು ಗೊಂಬೆ ತೆಂಗಿನ ಮರದಿಂದ ಬೀಳಲಿತ್ತು. ಮೂವತ್ತು ಸೆಕೆಂಡಿನ ಮೋಷನ್ ಗ್ರಾಫಿಕ್ಸ್, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಚಲಿಸುವ ಚಿತ್ರ. ಇದರಲ್ಲಿ ಪಾಸಾಗದಿದ್ದರೆ ಡಿಗ್ರಿಯಿಲ್ಲ.

ಗೊಂಬೆಗೆ ಮಾದರಿ, ಹೋದ ವರ್ಷ ಬಿಳಿಗೆರೆಯ ನಮ್ಮ ತೋಟದಲ್ಲಿ ಕಾಯಿ ಕೀಳುವಾಗ ಬಿದ್ದು ಸತ್ತ ಮೈಲಾರಿ. ನಗು ಬರಲೆಂದು ಕಾಲುಗಳನ್ನು ರಬ್ಬರಿನಂತೆ ಬಳುಕಿಸಿದೆ.

ಚಿತ್ರಕ್ಕೆ ಬೇಕಾದ ಕಾಯಿಯ ಸದ್ದಿಗಾಗಿ, ಅವನ ಹೆಂಡತಿ ಬೋರಮ್ಮನ ಮನೆಯಲ್ಲಿ ಕಾಯಿ ಒಣಗಿಸುವ ಅಟ್ಟ ಹತ್ತಿದೆ. ವರ್ಷ ಕಳೆದ ಕಾಯಿ ಒಳಗೇ ಒಣಗಿ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಗೊಟಗೊಟ ಅನ್ನಬೇಕು. ಎಲ್ಲವೂ ಅಂದವು. ಬೋರಮ್ಮ ಬೇರೆಯಾಗಿ ಇಟ್ಟಿದ್ದ, ಅವನು ಕೊನೆಗೆ ಕಿತ್ತ ಕಾಯಿಯಲ್ಲಿ ಮಾತ್ರ ಇನ್ನೂ ನೀರು ಗುಳುಗುಳು ಅನ್ನುತ್ತಿತ್ತು. ಸುಡುವ ಅಟ್ಟದಲ್ಲೂ ಅದು ತಣ್ಣಗಿತ್ತು. ಅದನ್ನೇ ರೆಕಾರ್ಡ್ ಮಾಡಿಕೊಂಡೆ.

"ನಮ್ಮೋರ್ನ ಬೀಳ್ಸಿ ನಗ್ಸ್ತೀಯಾ? ನಗ್ಸು ಬುಡಪ್ಪ," ಅಂದಳು ಬೋರಮ್ಮ. "ಆವತ್ತು ಎತ್ತೋರು ಯಾರೂ ಇರ್ಲಿಲ್ಲ. ನೀನಾದ್ರೂ ಎತ್ತು."

"ಅಷ್ಟು ಟೈಮಿಲ್ಲ ಕಣಕ್ಕ, ಮೂವತ್ತೇ ಸೆಕೆಂಡು."

ಕಾಲೇಜಿನಲ್ಲಿ ಪರದೆಗೆ ಹಾಕಿದಾಗ ಗೊಂಬೆ ಬಿತ್ತು, ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ, ನಾನು ಹಾಗೆ ಮಾಡಿರದಿದ್ದರೂ, ಅದು ಎದ್ದು ಕೂತು, ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ ನನ್ನ ಕಡೆ ತಿರುಗಿತು. ಗುಳುಗುಳು.

"ಮೂವತ್ತೊಂದು ಸೆಕೆಂಡ್ ಆಯ್ತಲ್ಲಪ್ಪ," ಅಂದರು ಆಶಾ ಮೇಡಂ. "ಮೂವತ್ತು ದಾಟಿದ್ರೆ ತಗೊಳಂಗಿಲ್ಲ. ಫೇಲು."

ನನ್ನ ಲ್ಯಾಪ್‌ಟಾಪಿನಲ್ಲಿ ಬೇಕಾದರೆ ಈಗಲೇ ತೆರೆದು ನೋಡಿ. ಮೂವತ್ತೇ ಇದೆ.