ಕೊನೆಯ ಬೆಂಚಿನ ಸಮಾಧಾನ

ನೀಲಗಿರಿಯಲ್ಲಿ ಒಂಟಿತನಕ್ಕೆ ಪಂದ್ಯ ಇಟ್ಟಿದ್ದರೆ ಮೊದಲ ಬಹುಮಾನ ಯೋನಾನಿಗೇ. ಎರಡನೆಯದೂ ಅವನಿಗೇ, ಅವನ ಹತ್ತಿರಕ್ಕೆ ಬರುವಷ್ಟು ಒಂಟಿ ಬೇರೆ ಯಾರೂ ಇರಲಿಲ್ಲ. ಸೋಲೂರಿನ ತೋಟಗಳಿಂದ ಚಾ ಎಲೆ ತುಂಬಿಕೊಂಡು ಫ್ಯಾಕ್ಟರಿಗೆ ಓಡುವ ಲಾರಿಯ ಡ್ರೈವರ್ ಅವನು. ವಯಸ್ಸು ಮೂವತ್ತನಾಲ್ಕು, ಮನೆಯಲ್ಲಿ ಒಂದೇ ಲೋಟ. ಆ ಲೋಟದ ಜೊತೆ ಅವನು ಆಡಿದ ಮಾತನ್ನೆಲ್ಲ ಬರೆದಿಟ್ಟರೆ ಊಟಿಯ ಲೈಬ್ರರಿ ಸಾಲದು.

ಆದರೆ ತಿಂಗಳಿಗೊಮ್ಮೆ, ಮೂರೇ ಸೆಕೆಂಡು, ಇಡೀ ಘಟ್ಟದಲ್ಲಿ ಅವನಷ್ಟು ಶ್ರೀಮಂತ ಇರಲಿಲ್ಲ.

ಅವರ ಪುಟ್ಟ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ತಿಂಗಳ ಮೊದಲ ಭಾನುವಾರ, ಪ್ರಭುಭೋಜನಕ್ಕೆ ಮುಂಚೆ, ಪಾದ್ರಿ ಅಯ್ಯರು ಮುಂದಿನ ಬೆಂಚಿನವನ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು "ಸಮಾಧಾನ" ಎನ್ನುತ್ತಾರೆ. ಅವನು ಪಕ್ಕದವನಿಗೆ, ಪಕ್ಕದವನು ಅದರಾಚೆಯವನಿಗೆ. ಹೀಗೆ ಬೆಂಚಿನಿಂದ ಬೆಂಚಿಗೆ ಬಂದ ಸಮಾಧಾನ ಕೊನೆಯ ಬೆಂಚಿನ ತುದಿಯಲ್ಲಿ ನಡುದಾರಿ ದಾಟಿ ಹೆಂಗಸರ ಕಡೆಗೆ ಹೋಗುತ್ತದೆ. ದಾಟಿಸುವ ಆ ತುದಿ ಯೋನಾನದು. ಆ ಜಾಗಕ್ಕಾಗಿ ಅವನು ಗಂಟೆ ಬಾರಿಸುವವನಿಗಿಂತ ಮೊದಲು ಬರುತ್ತಿದ್ದ.

ಆಚೆ ತುದಿಯಲ್ಲಿ ಲಿಡಿಯಾ. ಲವ್‌ಡೇಲಿನಲ್ಲಿದ್ದುಕೊಂಡು ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಬಸ್ಸು ತಡವಾಗಿ ಬರುವುದರಿಂದ ಅವಳಿಗೆ ಯಾವಾಗಲೂ ಕೊನೆಯ ಬೆಂಚೇ. ಅವಳ ತೋರುಬೆರಳಲ್ಲಿ ಸೂಜಿ ಚುಚ್ಚಿದ ಗುರುತು ಹನ್ನೊಂದು. ಮೂರು ಸೆಕೆಂಡಿನಲ್ಲಿ ಹನ್ನೊಂದನ್ನೂ ಎಣಿಸಿದ ಗಂಡು ಯೋನಾ.

"ನಿಮ್ಮ ಕೈ ಡೀಸೆಲ್ ವಾಸನೆ," ಎಂದಿದ್ದಳು ಒಮ್ಮೆ, ಕಣ್ಣೆತ್ತದೆ.

"ಸೋಪು ಹಾಕಿದ್ದೆ."

"ಹಾಗಾದ್ರೆ ಸೋಪಿಗೂ ಡೀಸೆಲ್ ವಾಸನೆ ಬಂದಿರ್ಬೇಕು."

ಇಷ್ಟೇ ಮಾತು. ಅದನ್ನೇ ಉಂಡು ಅವನು ಒಂದು ತಿಂಗಳು ಬದುಕಿದ. ಸೋಪು ನಾಲ್ಕು ಕರಗಿದವು.

ಕೆಡಿಸಿಕೊಂಡದ್ದೂ ಅವನೇ. ಎಳೆಯ ಎಲೆ ಮಾತ್ರ ಬೇಕೆಂದು ಫ್ಯಾಕ್ಟರಿ ಹಟ ಹಿಡಿದಿದ್ದ ಎರಡು ಸಾವಿರದ ಇಸವಿ ಅದು. ಎಲೆ ಶೆಡ್ಡಿನಲ್ಲಿ ಲಿಡಿಯಾಳ ಅಣ್ಣ ರಾಜೇಶ್‌ಕುಮಾರನ ಚೀಲ ಬಿಚ್ಚಿದರೆ, ತುಂಬ ಬಲಿತ ಎಲೆ. ಜನರನ್ನು ನಗಿಸುವ ಚಪಲಕ್ಕೆ ಯೋನಾ ಅಂದ: "ಇದು ಚಾ ಎಲೆಯಾ ಅಣ್ಣ, ಎಮ್ಮೆ ಮೇವಾ? ಕಣ್ಣಿಲ್ಲದವರು ಕಿತ್ತಿದ್ದಾ?"

ಶೆಡ್ಡು ನಕ್ಕಿತು. ರಾಜೇಶ್ ನಗಲಿಲ್ಲ.

"ಅವ್ವೆ ಕಿತ್ತದ್ದು. ಕಣ್ಣು ಹೋಗಿ ಆರು ತಿಂಗಳಾಯ್ತು. ಚರ್ಚಿಗೂ ಬರ್ತಿಲ್ಲ. ತೋಟ ಮಾತ್ರ ಬಿಡಲ್ಲ, ತಡವಿ ತಡವಿ ಕೀಳ್ತಾಳೆ."

ತಪ್ಪಾಯಿತು ಎನ್ನುವ ಬದಲು ಯೋನಾ ಲಾರಿ ಹತ್ತಿ ಹೊರಟುಬಿಟ್ಟ.

ಮುಂದಿನ ಮೊದಲ ಭಾನುವಾರ ಸಮಾಧಾನ ಪಕ್ಕದಲ್ಲಿ ಕೂತ ರಾಜೇಶನವರೆಗೆ ಬಂತು. ಅವನು ಕೈಗಳನ್ನು ಜೇಬಿಗೆ ಇಳಿಸಿದ. ಎದುರಿಗೆ ಲಿಡಿಯಾ ಕಾಯುತ್ತಿದ್ದಳು. ಆಗ ಯೋನಾ ಲೋಕ ಹುಟ್ಟಿದಾಗಿನಿಂದ ಯಾವ ಕಳ್ಳನೂ ಮಾಡದ ಕಳ್ಳತನ ಮಾಡಿದ: ತನಗೆ ಸಿಗದ ಸಮಾಧಾನವನ್ನು ಕೊಡಲು ಕೈ ಚಾಚಿದ.

ಅವಳ ಕೈ ಮಡಿಲು ಬಿಟ್ಟು ಏಳಲಿಲ್ಲ.

"ನಿಮ್ಮ ಹತ್ರ ಇಲ್ಲದ್ದನ್ನ ನಂಗೆ ಕೊಡ್ಬೇಡಿ," ಎಂದಳು ಮೆಲ್ಲಗೆ. "ಶೆಡ್ಡಿನ ಮಾತು ಅವ್ವೆ ಕಿವಿಗೂ ಬಿತ್ತು. ಅವತ್ತಿಂದ ತೋಟಕ್ಕೂ ಹೋಗ್ತಿಲ್ಲ. ಗೋಡೆಗೆ ಮುಖ ಮಾಡ್ಕೊಂಡು ಕೂತಿದ್ದಾಳೆ."

ಅಯ್ಯರೇ ಇಳಿದು ಬಂದು ಹೆಂಗಸರ ಕಡೆಗೆ ದಾಟಿಸಿದರು. ಪ್ರಭುಭೋಜನಕ್ಕೆ ಎಲ್ಲರೂ ಎದ್ದಾಗ ಯೋನಾ ಬೆಂಚಿನಲ್ಲೇ ಉಳಿದ. ಬಾಗಿಲಲ್ಲಿ ಅಯ್ಯರು ಅವನ ಭುಜ ಮುಟ್ಟಿ, "ತಳಪಾಯ ಪ್ರೀತಿದು ಕಣಪ್ಪ. ಅದಿಲ್ಲದಿದ್ರೆ ನಿನ್ನ ಹಾಡು, ಹಾಜರಿ ಎಲ್ಲಾ ಬರೀ ಸುಣ್ಣ," ಎಂದರು.

ಆ ವಾರ ಲೋಟವೂ ಅವನ ಜೊತೆ ಮಾತು ಬಿಟ್ಟಿತು.

ಅಂದು ನಕ್ಕವರೆಲ್ಲ ಶೆಡ್ಡಿನಲ್ಲಿರುವ ಹೊತ್ತು ನೋಡಿ ಅವನು ರಾಜೇಶನ ಮುಂದೆ ನಿಂತ. "ಅಣ್ಣ, ತಪ್ಪು ನಂದು."

"ನಂಗ್ಯಾಕೆ ಹೇಳ್ತೀಯ? ಅವ್ವೆಗೆ ಹೇಳು."

"ಮನೆಗೆ ಬರ್ಲಾ?"

"ಲಿಡಿಯಾನ ನೋಡೋಕಾ?"

"ಅವಳು ಇಲ್ಲದ ದಿನವೇ ಬರ್ತೀನಿ."

ಮಂಗಳವಾರ ಹೋದ. ಲಿಡಿಯಾಳ ತಾಯಿ ಪಾಪಾತಿ ಗೋಡೆಯಿಂದ ಮುಖ ತಿರುಗಿಸಲಿಲ್ಲ.

"ಹೆತ್ತೆ, ಎಮ್ಮೆ ಮೇವು ಅಂದವನು ನಾನೇ," ಎಂದ, ಸ್ವಂತ ಅಜ್ಜಿಯನ್ನು ಕರೆದಂತೆ. "ತಪ್ಪಾಯ್ತು. ಕಣ್ಣು ಮುಚ್ಚಿ ಕೀಳೋದು ಹೇಗೆ, ನಂಗೂ ಕಲಿಸು."

ಮುದುಕಿ ಗೋಡೆ ಹಿಡಿದು ಎದ್ದಳು. ತೋಟದಲ್ಲಿ ಅವನ ಕಣ್ಣಿಗೆ ತನ್ನ ತಲೆವಸ್ತ್ರವನ್ನೇ ಬಿಗಿದಳು. ಕತ್ತಲಲ್ಲಿ ಯೋನಾ ಒಂದು ಗಂಟೆ ತಡಕಿದ. ನೀಲಗಿರಿಯ ಎಲ್ಲ ಗಿಡಗಳೂ ಮುಖ ತಿರುಗಿಸಿಕೊಂಡಂತೆ ಅನಿಸಿತು. ಆಚೆ ಯಾರಾದರೂ ಇದ್ದಾರೋ ಇಲ್ಲವೋ ಎನ್ನುವ ಆ ಭಯ ಅವನಿಗೆ ಹೊಸದಲ್ಲ. ತನ್ನ ಮನೆಯಲ್ಲಿ ದಿನಾ ಪಡುತ್ತಿದ್ದದ್ದೇ.

"ಹೆತ್ತೆ, ಇದ್ದೀಯಾ?"

"ಇಲ್ಲೇ ಇದ್ದೀನಿ." ಅವನು ಕಿತ್ತ ಎಲೆಯನ್ನು ಅವಳು ಬೆರಳಲ್ಲಿ ಉಜ್ಜಿ ನೋಡಿದಳು. "ಇದು ಎಮ್ಮೆ ಮೇವು."

ಕಣ್ಣು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮತ್ತೆ ಮೊದಲ ಭಾನುವಾರ. ರಾಜೇಶ್ ಯೋನಾನ ಕೈ ಹಿಡಿದ; ಮೂಳೆ ಮುರಿಯುವಷ್ಟು ಬಿಗಿಯಾಗಿ, ಆದರೂ ಹಿಡಿದ. ಎರಡು ತಿಂಗಳ ಹಸಿವಿನಿಂದ ಯೋನಾ ಆಚೆಗೆ ತಿರುಗಿದ. ತುದಿಯಲ್ಲಿ ಲಿಡಿಯಾ ಇರಲಿಲ್ಲ. ಪಾಪಾತಿ ಕೂತಿದ್ದಳು, ಎರಡು ಕೈಗಳನ್ನೂ ಗಾಳಿಯಲ್ಲಿ ಚಾಚಿಕೊಂಡು. ಲಿಡಿಯಾ ಅವಳ ಆಚೆ.

ಯೋನಾ ಆ ಒರಟು ಕೈಗಳನ್ನು ಹಿಡಿದ. ಮೂರು ಸೆಕೆಂಡು ಅಲ್ಲ, ಮೂವತ್ತು. ಅವಸರ ಮಾಡಲಿಲ್ಲ, ಆಚೆ ಇಣುಕಲೂ ಇಲ್ಲ. "ಸಮಾಧಾನ, ಹೆತ್ತೆ."

ಪಾಪಾತಿ ತಿರುಗಿ ಮಗಳ ಕೈ ಹಿಡಿದಳು. ಲಿಡಿಯಾ ತಲೆ ತಗ್ಗಿಸಿದಳು.

"ಅವ್ವೆ ಕೈಲೂ ಡೀಸೆಲ್ ವಾಸನೆ," ಎಂದಳು. ಈ ಸಲ ಕಣ್ಣೆತ್ತಿ, ಅವನನ್ನೇ ನೋಡಿ.

ಬಸ್ ಸ್ಟಾಪಿನಲ್ಲಿ ಮಂಜು ಇಬ್ಬರನ್ನೂ ಅರ್ಧ ನುಂಗಿತ್ತು.

"ನಿಮ್ಮನೇಲಿ ಒಂದೇ ಲೋಟ ಅಂತ ಅಣ್ಣ ಅಂದ."

"ಹೌದು."

"ಇನ್ನೊಂದು ತಂದಿಡಿ," ಎಂದು ಅವಳು ಬಸ್ಸು ಹತ್ತಿದಳು.

ಊಟಿ ಮಾರ್ಕೆಟ್ಟಿನ ಲೋಟಗಳನ್ನೆಲ್ಲ ಯೋನಾ ಲಾರಿಗೆ ತುಂಬಿಸಿಕೊಂಡು ಬಂದ ಎಂದು ಸೋಲೂರಿನಲ್ಲಿ ಹೇಳುತ್ತಾರೆ. ಅದು ಸುಳ್ಳು. ಒಂದೇ ತಂದ. ಮುಂದಿನ ಮೊದಲ ಭಾನುವಾರದವರೆಗೆ ಅದನ್ನು ದಿನಾ ತೊಳೆದು, ಹಳೆಯದರ ಪಕ್ಕ ಬೋರಲು ಹಾಕಿದ.