ಎಪ್ಪತ್ತೆರಡನೆಯ ನಿಯಮ

“ಎಪ್ಪತ್ತೊಂದು... ಹಸಿರು.” ಬೀ ಲೆಂಗ್ ಗುಂಡಿ ಒತ್ತಿದಳು, ಕಾದಳು, ಪುಸ್ತಕದಲ್ಲಿ ಗೀಟೆಳೆದಳು.

“ಏನಮ್ಮಾ, ಅಕ್ಕೀಲಿ ಕಲ್ಲು ಆರಿಸ್ತಿದೀಯಾ?”

ತಿರುಗಿದರೆ ಕಚೇರಿಗೆ ಬಂದ ಹೊಸಬ! ಬೆರಳಿಗೆ ಸಿಕ್ಕಿಸಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಕಾಫಿ, ಕಣ್ಣಲ್ಲಿ ತುಂಟತನ. ಹೆಸರು ಬೂನ್ ಸಿಯಾಂಗ್.

“ಒಂದೊಂದಾಗೇ ಮಾಡ್ಬೇಕು ಸ್ವಾಮಿ. ಒಟ್ಟಿಗೆ ಕೊಟ್ರೆ ಟೂಲ್ ಮುಗ್ಗರಿಸುತ್ತೆ.”

“ಅದು ಮಾಡ್ಲಿ. ನೀನ್ಯಾಕೆ ಕಾವಲು ಕೂತಿದೀಯ?”

ಪೆನಾಂಗಿನ ಆ ಕಚೇರಿಯಲ್ಲಿ ಆಸ್ಪತ್ರೆಯ ಡ್ರಿಪ್ ಪಂಪಿಗೆ ಚಿಪ್ ತಯಾರಾಗುತ್ತಿತ್ತು. ಅದು ಹೇಗೆ ನಡೆಯಬೇಕೆಂಬ ಒಂದೊಂದು ನಿಯಮವನ್ನೂ ಕಂಪ್ಯೂಟರಿನ ಟೂಲಿನಲ್ಲಿ ಗಣಿತದಿಂದ ಸಾಬೀತು ಮಾಡಿಸುವುದು ಬೀ ಲೆಂಗಳ ಕೆಲಸ. ಸಾಬೀತಾದರೆ ಪರದೆಯ ಮೇಲೆ ಹಸಿರು. ಎಪ್ಪತ್ತೆರಡನೆಯದು: ನಳಿಕೆಯಲ್ಲಿ ಗಾಳಿ ಕಂಡರೆ ಪಂಪು ನಿಲ್ಲಲೇಬೇಕು.

ಮಧ್ಯಾಹ್ನದೊಳಗೆ ಸಿಯಾಂಗ್ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದುಕೊಟ್ಟ. ಅದೇ ಒಂದು ನಿಯಮ ಎತ್ತಿಕೊಳ್ಳುವುದು, ಸಾಬೀತು ಮಾಡಿಸುವುದು, ಮುಂದಿನದಕ್ಕೆ ಹೋಗುವುದು. ಅವಳ ಕೈ ಬಿಡುವಾಯಿತು. ಬಿಡುವಾದ ಕೈಯನ್ನು ಅವನು ಹಿಡಿದ...

ಎಲ್ಲವೂ ಹಸಿರು! ಚಿಪ್ ಆಸ್ಪತ್ರೆಗಳಿಗೆ ಹೋಯಿತು. ಇಬ್ಬರ ಮದುವೆಯ ದಿನವೂ ನಿಶ್ಚಯವಾಯಿತು.

ಆಮೇಲೆ ಇಪೋ ಊರಿನ ಆಸ್ಪತ್ರೆಯಲ್ಲಿ, ನಳಿಕೆಯಿಂದ ಗಾಳಿ ರಕ್ತಕ್ಕೆ ಸೇರಿ ಒಬ್ಬ ಹೆಂಗಸು ತೀರಿಕೊಂಡಳು. ಪಂಪು ನಿಂತಿರಲಿಲ್ಲ.

“ಯಾರ ತಪ್ಪು?” ಎಂದರು ತನಿಖೆಯವರು.

“ಸ್ಕ್ರಿಪ್ಟ್ ಅವನದು.” ಬೀ ಲೆಂಗ್ ನಂಬಿಯೇ ಹೇಳಿದಳು.

ಸಿಯಾಂಗ್ ಅವಳನ್ನೊಮ್ಮೆ ನೋಡಿದ. ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಮೂರು ತಿಂಗಳ ಮೇಲೆ, ಟೂಲಿಗೆ ಕೊಟ್ಟ ಸೂಚನೆಗಳ ಹಳೆಯ ಕಡತ ತೆರೆದಾಗ ಒಂದು ಸಾಲು ಕಂಡಿತು: ‘ರೀಸೆಟ್ ಸದಾ ಒತ್ತಿಯೇ ಇದೆ ಎಂದುಕೊ.’ ಯಾವುದೋ ಪ್ರಯೋಗಕ್ಕೆಂದು ತಾನೇ ಬರೆದು ತೆಗೆಯಲು ಮರೆತದ್ದು!

ರೀಸೆಟ್ ಒತ್ತಿಟ್ಟ ಚಿಪ್ ಮಲಗಿಯೇ ಇರುತ್ತದೆ. ಮಲಗಿದ್ದಕ್ಕೆ ಗಾಳಿ ಕಾಣುವುದೇ ಇಲ್ಲ. ಕಾಣದ ಮೇಲೆ ನಿಯಮ ಮುರಿಯುವುದೆಲ್ಲಿ? ಅದಕ್ಕೇ ಎಲ್ಲ ಹಸಿರು... ಎದ್ದು ಕೆಲಸ ಮಾಡುವ ಚಿಪ್ಪನ್ನು ಯಾರೂ ಪರೀಕ್ಷಿಸಿರಲೇ ಇಲ್ಲ.

ಅಂದೇ ತನಿಖೆಯವರಿಗೆ ಪತ್ರ ಬರೆದಳು. ಕಳಿಸಲಿಲ್ಲ. ನಾಳೆ... ನಾಳೆ... ಎರಡು ವರ್ಷ!

ಒಂದು ಭಾನುವಾರ ಬೆಳಿಗ್ಗೆ ಸಿಯಾಂಗನ ಅಮ್ಮನ ನೂಡಲ್ಸ್ ಗಾಡಿಯ ಮುಂದೆ ಬಂದು ನಿಂತಳು. ಅವನು ಮೊಳಕೆಕಾಳಿನ ಬಾಲ ಚಿವುಟುತ್ತಿದ್ದ.

“ಈಗ ದಾರಿ ಸಿಕ್ತೇನಮ್ಮಾ?” ಮುದುಕಿ ಬಾಣಲೆಗೆ ಸೌಟು ಕುಟ್ಟಿದಳು.

ಬೀ ಲೆಂಗ್ ಫೋನಿನಲ್ಲಿದ್ದ ಪತ್ರವನ್ನು ಅವನ ಮುಂದೆ ಹಿಡಿದಳು. ಅವನು ಕೊನೆಯವರೆಗೂ ಓದಿದ.

“ಆ ಸಾಲು ನಾನು ತನಿಖೆ ದಿನಾನೇ ನೋಡಿದ್ದೆ. ಪಕ್ಕದಲ್ಲೇ ನಿನ್ ಹೆಸರಿತ್ತು.”

“ಮತ್ಯಾಕೆ ಹೇಳ್ಲಿಲ್ಲ?!”

“ನೀನೇ ಹೇಳ್ತೀಯ ಅಂತ ಕಾದೆ. ಅಲ್ದೆ... ಪರೀಕ್ಷೇಲಿ ಗಾಳಿ ಒಂದ್ಸಲವಾದ್ರೂ ಬಂತಾ ಅಂತ ನನ್ ಸ್ಕ್ರಿಪ್ಟ್ ಕೇಳ್ಬೇಕಿತ್ತು. ಕೇಳ್ಲಿಲ್ಲ. ಹಸಿರು ನೋಡಿ ನಾನೂ ಕುಣಿದೆ.”

“ಕಳಿಸಿದ್ರೆ ಕೆಲಸ ಹೋಗುತ್ತೆ. ಜೈಲೂ ಆಗ್ಬಹುದು, ಸಿಯಾಂಗ್.”

“ಆಗ್ಬಹುದು.”

“ನನ್ ಮೇಲೆ ಕೋಪಾನಾ?”

“ಇದೆ. ಹೋಗಲ್ಲ.”

“ಬೇರೇನೂ... ಉಳಿದಿಲ್ವಾ?”

ಅವನು ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡ. “ಇಲ್ದಿದ್ರೆ ಕಾಯ್ತಿದ್ನಾ, ಪೆದ್ದಿ? ಕೆಳಗೆ ನನ್ ಹೆಸರೂ ಹಾಕು.”

ಹಾಕಿದಳು. ಹೆಬ್ಬೆರಳನ್ನು ಕಳಿಸುವ ಗುಂಡಿಯ ಮೇಲೆ ತಂದಳು. ಅವನ ತಣ್ಣನೆಯ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು.

ಒತ್ತಿದಳು.

“ಹೋಯ್ತಾ?”

“ಹೋಯ್ತು...”